ಕೊಳದ ಬಳಿ ನಿಂತವರು: ಜ್ಞಾನಸ್ನಾನದ ಬಂಧುತ್ವ ನಡೆದು ಬಂದ ದಾರಿ

ನಮ್ಮ ಧರ್ಮಕೇಂದ್ರಗಳ ಜ್ಞಾನಸ್ನಾನದ ದಾಖಲೆ ಪುಸ್ತಕದಲ್ಲಿ ಮಗುವಿನ ತಂದೆತಾಯಿಯರ ಹೆಸರಿನ ಬಳಿಕ ಜ್ಞಾನತಂದೆ, ಜ್ಞಾನತಾಯಿ ಎಂಬ ಎರಡು ಅಂಕಣಗಳಿವೆ. ಇಡೀ ಪುಸ್ತಕದಲ್ಲಿ ಹೆಚ್ಚು ವಿಚಾರಣೆಯಿಲ್ಲದೆ ತುಂಬುವ ಅಂಕಣಗಳು ಬಹುಶಃ ಇವೇ. ಸೋದರಮಾವ, ಸೋದರತ್ತೆ, ದೊಡ್ಡಪ್ಪ, ಅಜ್ಜಿ ಹೀಗೆ ಮನೆಯವರು ಮೊದಲೇ ಮಾತಾಡಿಕೊಂಡು ಬಂದಿರುತ್ತಾರೆ; ಗುರುಗಳು ಹೆಸರನ್ನು ಬರೆದುಕೊಳ್ಳುತ್ತಾರೆ. ಆದರೆ ಮನೆಮಂದಿಯ ಒಪ್ಪಿಗೆಯಿಲ್ಲದೆ, ಕೆಲವೊಮ್ಮೆ ಮನೆಯನ್ನೇ ಕಳೆದುಕೊಂಡು, ಒಬ್ಬಂಟಿಯಾಗಿ ಬಂದ ವಯಸ್ಕ ದೀಕ್ಷಾರ್ಥಿಯ ಸರದಿ ಬಂದಾಗ ಅದೇ ಅಂಕಣದ ಮುಂದೆ ಲೇಖನಿ ನಿಲ್ಲುತ್ತದೆ. ಆಗ ಉಪದೇಶಿಯನ್ನೋ ದೇವಾಲಯದ ಕೆಲಸಗಾರರನ್ನೋ ಕರೆದು ನಿಲ್ಲಿಸಿ ಹೆಸರು ಬರೆದುಕೊಳ್ಳುವುದುಂಟು. ಬಂಧುಗಳಿರುವವರಿಗೆ ಸುಲಭವಾಗಿಯೂ ಬಂಧುಗಳಿಲ್ಲದವರಿಗೆ ತೊಡಕಾಗಿಯೂ ಪರಿಣಮಿಸಿರುವ ಈ ಏರ್ಪಾಡು ಮೊದಲಿಗೆ ಹುಟ್ಟಿದ್ದು ಯಾರಿಗಾಗಿ ಎಂಬುದನ್ನು ಇತಿಹಾಸದಲ್ಲಿ ಹುಡುಕುವುದು ಈ ಬರಹದ ಉದ್ದೇಶ.

ಧರ್ಮಸಭೆಯನ್ನು 'ದೇವರ ಕುಟುಂಬ' ಎಂದು ಕರೆಯುವುದು ನಮಗೆ ರೂಢಿಯಾಗಿದೆ. ರೂಢಿಯಾದ ಮಾತು ಬೇಗ ಸವೆಯುತ್ತದೆ. ಹೊಸ ಒಡಂಬಡಿಕೆಯಲ್ಲಿ ಈ ಮಾತಿಗೆ ಇದ್ದ ಮೊನೆಯನ್ನು ಮೊದಲು ನೆನೆಯೋಣ. ಮಾರ್ಕನ ಶುಭಸಂದೇಶದ 3ನೆಯ ಅಧ್ಯಾಯದಲ್ಲಿ ತಾಯಿಯೂ ಸೋದರರೂ ಹೊರಗೆ ನಿಂತು ಕರೆಯುತ್ತಿರುವಾಗ, ಯೇಸುಸ್ವಾಮಿ ತಮ್ಮ ಸುತ್ತ ಕುಳಿತವರತ್ತ ದೃಷ್ಟಿ ಹರಿಸಿ ಅವರನ್ನೇ ತಮ್ಮ ಬಂಧುಗಳೆಂದು ಘೋಷಿಸುತ್ತಾರೆ. ಸಂತ ಪೌಲನು ಓಡಿಹೋದ ದಾಸನೆಂದು ಪರಂಪರೆ ಗುರುತಿಸುವ ಒನೇಸಿಮನನ್ನು ತಾನು ಸೆರೆಯಲ್ಲಿದ್ದಾಗ ಹೆತ್ತ ಮಗನೆಂದು ಫಿಲೆಮೋನನಿಗೆ ಪರಿಚಯಿಸಿ, ಅವನನ್ನು ಸೋದರನಂತೆ ಬರಮಾಡಿಕೊಳ್ಳಬೇಕೆಂದು ಕೇಳುತ್ತಾನೆ. ಸಾಲವೇನಾದರೂ ಇದ್ದರೆ ತನ್ನ ಲೆಕ್ಕಕ್ಕೆ ಬರೆದುಕೊಳ್ಳಲೂ ಹೇಳುತ್ತಾನೆ. ರೋಮ್‌ನವರಿಗೆ ಬರೆದ ಪತ್ರದ ಕೊನೆಯ ಅಧ್ಯಾಯದಲ್ಲಿ ರೂಫನ ತಾಯಿಗೆ ವಂದನೆ ಹೇಳುತ್ತ, ಆಕೆ ತನಗೂ ತಾಯಿಯೇ ಎಂದು ಸೇರಿಸುತ್ತಾನೆ. ಆಕೆಯ ಹೆಸರು ನಮಗೆ ತಿಳಿಯದು. ಆದರೂ ಆಕೆ ಒಬ್ಬ ನಿರ್ದಿಷ್ಟ ಸ್ತ್ರೀ. ಪೌಲನ ಪಾಲಿಗೆ 'ತಾಯಿ' ಎಂಬುದು ಅಲ್ಲಿ ಬರಿಯ ತತ್ತ್ವವಲ್ಲ. ಅದು ಯಾವುದೋ ಒಂದು ಮನೆ, ಯಾವುದೋ ಒಂದು ಊಟದ ಎಲೆ. ಎಲ್ಲರೂ ಸೋದರರೆಂಬ ಮಾತಿನ ಜೊತೆಗೆ, ಹೆಸರು ಹಿಡಿದು ತೋರಿಸಬಹುದಾದ ಒಬ್ಬ ವ್ಯಕ್ತಿ ಎಂಬ ಈ ಅಂಶವನ್ನು ಮುಂದಿನ ಶತಮಾನಗಳುದ್ದಕ್ಕೂ ಗಮನಿಸಬೇಕಾಗುತ್ತದೆ.

ಜ್ಞಾನಸ್ನಾನದ ಸಂದರ್ಭದಲ್ಲಿ ಇನ್ನೊಬ್ಬರ ಪರವಾಗಿ ಹೊಣೆ ನಿಲ್ಲುವವರ ಬಹು ಹಳೆಯ ಉಲ್ಲೇಖಗಳಲ್ಲೊಂದು ದೂರಿನ ರೂಪದಲ್ಲಿದೆ ಎಂಬುದು ಸ್ವಾರಸ್ಯಕರ. ಕ್ರಿ.ಶ. 200ರ ಸುಮಾರಿಗೆ ಕಾರ್ಥೇಜಿನ ತೆರ್ತುಲಿಯನನು ಜ್ಞಾನಸ್ನಾನವನ್ನು ಕುರಿತ ತನ್ನ ಕೃತಿಯಲ್ಲಿ ಎಳೆಯ ಮಕ್ಕಳಿಗೆ ಅವಸರದಲ್ಲಿ ಸಂಸ್ಕಾರ ನೀಡುವುದನ್ನು ಆಕ್ಷೇಪಿಸುತ್ತಾನೆ. ಅವನ ಕಾರಣಗಳಲ್ಲಿ ಒಂದು ಹೊಣೆಗಾರರ ಕುರಿತ ಕಾಳಜಿ: ಅವರು ತಾವೇ ಸತ್ತುಹೋಗಿ ಮಾತು ಉಳಿಸಿಕೊಳ್ಳಲಾರದೆ ಹೋಗಬಹುದು, ಇಲ್ಲವೇ ಮಗು ಬೆಳೆದು ದಾರಿತಪ್ಪಿ ಅವರ ಮಾತನ್ನು ಸುಳ್ಳಾಗಿಸಬಹುದು, ಅವರನ್ನೇಕೆ ಅಪಾಯಕ್ಕೆ ನೂಕಬೇಕು? ತೆರ್ತುಲಿಯನನ ನಿಲುವನ್ನು ಧರ್ಮಸಭೆ ಒಪ್ಪಲಿಲ್ಲ. ಆದರೆ ಹೊಣೆ ನಿಲ್ಲುವುದೆಂದರೆ ಅಪಾಯಕ್ಕೆ ಕೈಯೊಡ್ಡುವುದೆಂದು ಅವನು ತಿಳಿದದ್ದನ್ನು ಮರೆಯಲಾಗದು. ಇಂದು ಜ್ಞಾನತಂದೆಯಾಗಲು ಒಪ್ಪಿದವರಲ್ಲಿ ಎಷ್ಟು ಮಂದಿಗೆ ಅಂಥ ಅಳುಕು ಹುಟ್ಟುತ್ತದೆ?

4ನೆಯ ಶತಮಾನದ ಕೊನೆಯಲ್ಲಿ ಜೆರುಸಲೇಮಿಗೆ ಬಂದ ಯಾತ್ರಿಕಳಾದ ಏಜೀರಿಯಾ ತನ್ನ ಸೋದರಿಯರಿಗಾಗಿ ಬರೆದಿಟ್ಟ ವಿವರಗಳು ಇನ್ನೂ ಸ್ಪಷ್ಟವಾಗಿವೆ. ತಪಸ್ಸುಕಾಲದ ಆರಂಭದಲ್ಲಿ ಧರ್ಮಾಧ್ಯಕ್ಷರು ಮಹಾದೇವಾಲಯದಲ್ಲಿ ಪೀಠಸ್ಥರಾಗುತ್ತಾರೆ. ದೀಕ್ಷಾರ್ಥಿಗಳನ್ನು ಒಬ್ಬೊಬ್ಬರನ್ನಾಗಿ ಕರೆತರಲಾಗುತ್ತದೆ; ಗಂಡಸರು ತಮ್ಮ 'ತಂದೆ'ಯರೊಡನೆ, ಹೆಂಗಸರು ತಮ್ಮ 'ತಾಯಿ'ಯರೊಡನೆ ಬರುತ್ತಾರೆ. ಈ ತಂದೆತಾಯಿಯರನ್ನು ವಿದ್ವಾಂಸರು ಹೊಣೆಗಾರರೆಂದೇ ಅರ್ಥೈಸುತ್ತಾರೆ. ಧರ್ಮಾಧ್ಯಕ್ಷರ ಪ್ರಶ್ನೆಗಳು ದೀಕ್ಷಾರ್ಥಿಗಲ್ಲ, ಅವನ ನೆರೆಹೊರೆಯವರಿಗೆ: ಇವನ ನಡತೆ ಹೇಗೆ, ಹೆತ್ತವರನ್ನು ಗೌರವಿಸುವನೇ, ಕುಡುಕನೇ? ದೋಷವಿಲ್ಲವೆಂದು ತಿಳಿದಮೇಲೆ ಧರ್ಮಾಧ್ಯಕ್ಷರು ಸ್ವಹಸ್ತದಿಂದ ಹೆಸರು ಬರೆದುಕೊಳ್ಳುತ್ತಾರೆ. ಇದರ ಬೆನ್ನಿಗೇ ಏಜೀರಿಯಾ ಒಂದು ಸಣ್ಣ ವಾಕ್ಯವನ್ನು ಸೇರಿಸುತ್ತಾಳೆ. ಬಂದವನು ಪರಸ್ಥಳದವನಾಗಿದ್ದು, ಅವನನ್ನು ಬಲ್ಲೆವೆಂದು ಸಾಕ್ಷಿ ಹೇಳುವವರು ಇಲ್ಲದಿದ್ದರೆ ಅವನಿಗೆ ಜ್ಞಾನಸ್ನಾನ ಸುಲಭಕ್ಕೆ ದೊರೆಯದು. ಜಗತ್ತಿನ ಮೂಲೆಮೂಲೆಗಳಿಂದ ಜನ ಬರುವ ಪುಣ್ಯನಗರದಲ್ಲಿ ಪರದೇಶಿ ಎದುರಿಸುವ ತೊಡಕನ್ನು ತಾನೂ ಪರದೇಶಿಯಾಗಿದ್ದ ಆ ಹೆಂಗಸು ಗುರುತಿಸಿದಳು. ಕೆಲಸ ಹುಡುಕಿಕೊಂಡು ಬಂದವರಿಂದ ತುಂಬಿದ ಬೆಂಗಳೂರಿನಂಥ ನಗರದ ಧರ್ಮಕೇಂದ್ರಗಳಲ್ಲಿ ದುಡಿಯುವ ಗುರುಗಳಿಗೆ ಈ ವಾಕ್ಯದ ಅರ್ಥವನ್ನು ವಿವರಿಸಬೇಕಾಗಿಲ್ಲ.

ಏಜೀರಿಯಾ ಗುರುತಿಸಿದ ಈ ತೊಡಕಿಗೆ ಒಂದು ಉತ್ತರ ಸಂತ ಅಗಸ್ಟೀನನ 98ನೆಯ ಪತ್ರದಲ್ಲಿದೆ. 5ನೆಯ ಶತಮಾನದ ಆರಂಭದಲ್ಲಿ ಆಫ್ರಿಕದ ಸಹಧರ್ಮಾಧ್ಯಕ್ಷ ಬೋನಿಫಾಸನಿಗೆ ಬರೆದ ಈ ಪತ್ರ ಶಿಶುಗಳ ಜ್ಞಾನಸ್ನಾನವನ್ನು ಕುರಿತದ್ದು. ಹೆತ್ತವರೇ ಮಗುವನ್ನು ಒಪ್ಪಿಸಬೇಕೆಂಬ ನಿಯಮವೇನೂ ಇಲ್ಲವೆಂದು ತೋರಿಸಲು ಅಗಸ್ಟೀನನು ಉದಾಹರಣೆಗಳನ್ನು ಕೊಡುತ್ತಾನೆ. ದಾಸರ ಮಕ್ಕಳನ್ನು ಒಡೆಯರು ತರುತ್ತಾರೆ. ಹೆತ್ತವರು ಸತ್ತ ತಬ್ಬಲಿಗಳನ್ನು ಕರುಣೆಯುಳ್ಳವರು ತರುತ್ತಾರೆ. ಹೆತ್ತವರೇ ಬೀದಿಯಲ್ಲಿ ಬಿಟ್ಟುಹೋದ ಕೂಸುಗಳನ್ನು ವ್ರತಧಾರಿ ಕನ್ಯೆಯರು ಎತ್ತಿಕೊಂಡು ಬಂದು ಜ್ಞಾನಸ್ನಾನಕ್ಕೆ ಒಪ್ಪಿಸುತ್ತಾರೆ. ಬೇಡವಾದ ಮಗುವನ್ನು ಹೊರಗೆ ಬಿಟ್ಟುಬಿಡುವುದು ರೋಮನ್ ಸಮಾಜದಲ್ಲಿ ಅಪರೂಪವಾಗಿರಲಿಲ್ಲ. ಲ್ಯಾಟಿನ್ ಭಾಷೆಯಲ್ಲಿ ಮಗುವನ್ನು ತನ್ನದೆಂದು ಒಪ್ಪಿಕೊಳ್ಳುವುದಕ್ಕೆ 'ಸುಸ್ಸಿಪೆರೆ', ಅಂದರೆ ಎತ್ತಿಕೊಳ್ಳುವುದು, ಎಂಬ ಕ್ರಿಯಾಪದ ಬಳಕೆಯಲ್ಲಿತ್ತು. ಕೊಳದಿಂದ ಮೇಲೆ ಬಂದ ಮಗುವನ್ನು ಕೈಗೆತ್ತಿಕೊಳ್ಳುವವರಿಗೂ ಕ್ರೈಸ್ತರು ಅದೇ ಕ್ರಿಯಾಪದವನ್ನು ಬಳಸಿದರು. ಹೆತ್ತವನು ಎತ್ತಿಕೊಳ್ಳದ ಮಗುವನ್ನು, ಮಕ್ಕಳನ್ನು ಹೆರುವುದಿಲ್ಲವೆಂದು ವ್ರತ ತೊಟ್ಟ ಹೆಣ್ಣು ಎತ್ತಿಕೊಂಡಳು.

ಅದೇ ಪತ್ರದಲ್ಲಿ ಇನ್ನೊಂದು ವಿಚಾರವಿದೆ. ಮಗುವನ್ನು ಒಪ್ಪಿಸುವವರು ಅದನ್ನು ಹೊತ್ತ ಕೈಗಳಷ್ಟೇ ಅಲ್ಲ; ಅದಕ್ಕಿಂತ ಹೆಚ್ಚಾಗಿ ಸಂತರ ಹಾಗೂ ವಿಶ್ವಾಸಿಗಳ ಇಡೀ ಬಳಗ ಎನ್ನುತ್ತಾನೆ ಅಗಸ್ಟೀನ. ದೈವಶಾಸ್ತ್ರದ ತರಗತಿಗಳಲ್ಲಿ ಪತ್ರದ ಈ ಭಾಗ ಹೆಚ್ಚಾಗಿ ಉಲ್ಲೇಖಗೊಳ್ಳುತ್ತದೆ, ಕನ್ಯೆಯರ ಪ್ರಸಂಗ ಅಷ್ಟಾಗಿ ಅಲ್ಲ. ಎರಡನ್ನೂ ಜೊತೆಯಾಗಿ ಓದಬೇಕೆಂಬುದು ನಮ್ಮ ಅಭಿಪ್ರಾಯ. ಬಳಗಕ್ಕೆ ಸ್ವಂತ ಕೈಗಳಿಲ್ಲ. ಅದು ಯಾರದೋ ಒಬ್ಬರ ಕೈಯಿಂದಲೇ ಮಗುವನ್ನು ಎತ್ತಬೇಕು.

ಮುಂದಿನ ಶತಮಾನದಲ್ಲಿ ಆರ್ಲ್ಸ್ ನಗರದ ಧರ್ಮಾಧ್ಯಕ್ಷ ಸಂತ ಸೆಸಾರಿಯುಸ್ ತನ್ನ ಪ್ರಬೋಧನೆಗಳಲ್ಲಿ ಈ ಹೊಣೆಗೆ ದಿನನಿತ್ಯದ ರೂಪ ಕೊಟ್ಟನು: ನೀವು ಮಗುವಿಗೆ ಜಾಮೀನು ನಿಂತವರು, ವಿಶ್ವಾಸ ಪ್ರಮಾಣವನ್ನೂ ಪ್ರಭು ಕಲಿಸಿದ ಪ್ರಾರ್ಥನೆಯನ್ನೂ ಅದಕ್ಕೆ ಕಲಿಸಿರಿ, ನಡತೆಯಿಂದಲೂ ದಾರಿ ತೋರಿಸಿರಿ. ಆದರೆ ಈ ನಂಟಿಗೆ ಕಾನೂನಿನ ಬಲ ಬಂದದ್ದು ಪೂರ್ವ ದೇಶದಿಂದ. 530ರಲ್ಲಿ ಸಾಮ್ರಾಟ ಜಸ್ಟಿನಿಯನ್ ಒಂದು ಶಾಸನ ಹೊರಡಿಸಿದನು. ಒಡೆಯನೊಬ್ಬನು ತಾನು ಸಾಕಿ ದಾಸ್ಯದಿಂದ ಬಿಡಿಸಿದ ಹುಡುಗಿಯನ್ನು ಮದುವೆಯಾಗಬಹುದೇ ಎಂಬುದು ಅಲ್ಲಿದ್ದ ಪ್ರಶ್ನೆ. ಆಗಬಹುದೆಂದು ಶಾಸನ ಹೇಳುತ್ತದೆ. ಆದರೆ ಜ್ಞಾನಸ್ನಾನದ ಕೊಳದಿಂದ ತಾನು ಎತ್ತಿಕೊಂಡ ಹುಡುಗಿಯನ್ನು ಮಾತ್ರ ಎಂದಿಗೂ ಆಗಕೂಡದು. ಏಕೆಂದರೆ, ದೇವರ ಮಧ್ಯಸ್ಥಿಕೆಯಿಂದ ಆತ್ಮಗಳು ಬೆಸೆಯುವ ಈ ಬಂಧಕ್ಕಿಂತ ಮಿಗಿಲಾಗಿ ಪಿತೃವಾತ್ಸಲ್ಯವನ್ನು ಹುಟ್ಟಿಸುವುದು ಬೇರೊಂದಿಲ್ಲ. ಅನ್ನವಿಟ್ಟು ಬೆಳೆಸಿದ ಸಂಬಂಧವೂ ತಡೆಯದ ಮದುವೆಯನ್ನು ಕೊಳದ ನೀರು ತಡೆಯಿತು. 692ರ ತ್ರುಲ್ಲೋ ಸಮ್ಮೇಳನದ 53ನೆಯ ನಿಯಮ ಇನ್ನೂ ಮುಂದೆ ಹೋಗಿ, ಆತ್ಮಸಂಬಂಧವು ದೇಹಸಂಬಂಧಕ್ಕಿಂತ ದೊಡ್ಡದೆಂದು ಸಾರಿ, ಮಗುವಿನ ವಿಧವೆ ತಾಯಿಯನ್ನು ಜ್ಞಾನತಂದೆ ಮದುವೆಯಾಗುವುದನ್ನೂ ನಿಷೇಧಿಸಿತು.

ಇಲ್ಲಿ ಕನ್ನಡದ ಎರಡು ಪದಗಳು ನಮ್ಮ ನೆರವಿಗೆ ಬರುತ್ತವೆ. ಹೆಣ್ಣು ಕೊಟ್ಟು ಹೆಣ್ಣು ತರುವುದರಿಂದ ಬೆಳೆಯುವುದು ನೆಂಟಸ್ತನ. ಒಡಹುಟ್ಟಿದವರ ನಡುವೆ ಇರುವುದು ಅದಲ್ಲ. ಅಲ್ಲಿ ಹೆಣ್ಣು ಕೊಡುವ ಮಾತೇ ಬಾರದು. ಜ್ಞಾನಸ್ನಾನದಿಂದ ಹುಟ್ಟುವುದು ನೆಂಟಸ್ತನವಲ್ಲ, ಒಡಹುಟ್ಟಿನಂಥ ಸಂಬಂಧ ಎಂಬುದೇ ಈ ನಿಷೇಧಗಳ ತಿರುಳು. ಒಂದು ನಂಟು ನಿಜವೆಂದು ಸಮಾಜ ಒಪ್ಪಿದೆಯೇ ಎಂಬುದನ್ನು ಅಳೆಯಲು ಆ ಕಾಲಕ್ಕೆ ಇದಕ್ಕಿಂತ ಖಚಿತವಾದ ಅಳತೆಗೋಲು ಇರಲಿಲ್ಲ.

ಈ ನಿಯಮಕ್ಕೆ ಎದುರಾದ ಅತ್ಯಂತ ಪ್ರಾಮಾಣಿಕ ಪ್ರಶ್ನೆ ಒಬ್ಬ ಸಂತನದು. ಜರ್ಮನ್ ನಾಡುಗಳ ಪ್ರೇಷಿತನೆನಿಸಿದ ಸಂತ ಬೋನಿಫಾಸ್ (ಅಗಸ್ಟೀನನು ಪತ್ರ ಬರೆದ ಬೋನಿಫಾಸ್ ಬೇರೆ) 735ರ ಸುಮಾರಿಗೆ ಇಂಗ್ಲೆಂಡಿನ ಮೂವರಿಗೆ ಪತ್ರ ಬರೆದನು: ಕ್ಯಾಂಟರ್ಬರಿಯ ಮಹಾಧರ್ಮಾಧ್ಯಕ್ಷ ನೊಥೆಲ್ಮ್, ಧರ್ಮಾಧ್ಯಕ್ಷ ಪೆಖ್ಟೆಲ್ಮ್, ಮಠಾಧಿಪತಿ ಡುಡ್ಡೊ. ಒಬ್ಬಾತ ಹುಡುಗನೊಬ್ಬನಿಗೆ ಜ್ಞಾನತಂದೆಯಾಗಿದ್ದ. ಆ ಹುಡುಗನ ತಾಯಿ ವಿಧವೆಯಾದ ಮೇಲೆ ಅವಳನ್ನು ಮದುವೆಯಾದ. ರೋಮ್‌ನವರು ಇದು ಘೋರ ಪಾಪವೆನ್ನುತ್ತಾರೆ. ಪೋಪ್ ಎರಡನೆಯ ಗ್ರೆಗೋರಿಯವರ ಕಾಲದ 721ರ ರೋಮ್ ಸಮ್ಮೇಳನ ಇಂಥ ಮದುವೆಗೆ ಬಹಿಷ್ಕಾರವನ್ನೇ ವಿಧಿಸಿತ್ತು. ಬೋನಿಫಾಸನಿಗೆ ಮಾತ್ರ ಇದರ ತರ್ಕ ಹಿಡಿಯುವುದಿಲ್ಲ. ಜ್ಞಾನಸ್ನಾನ ಪಡೆದ ನಾವೆಲ್ಲರೂ ಕ್ರಿಸ್ತನ ಹಾಗೂ ಧರ್ಮಸಭೆಯ ಮಕ್ಕಳು, ಪರಸ್ಪರ ಸೋದರ ಸೋದರಿಯರು. ಹಾಗಿದ್ದ ಮೇಲೆ ಆತ್ಮಸಂಬಂಧವು ಈ ಒಂದು ಕಡೆ ಮಾತ್ರ ಮದುವೆಯನ್ನು ಮಹಾಪಾಪವಾಗಿಸುವುದು ಹೇಗೆ ಎಂದು ಕೇಳುತ್ತಾನೆ. 785 ವರ್ಷಗಳ ಬಳಿಕ, 1520ರಲ್ಲಿ, ಮಾರ್ಟಿನ್ ಲೂಥರ್ ಇದೇ ವಾದವನ್ನು ಹೆಚ್ಚು ಕಟುವಾಗಿ ಮಂಡಿಸಿದ್ದು ನಮ್ಮ ಓದುಗರಲ್ಲಿ ಹಲವರಿಗೆ ಗೊತ್ತಿದೆ. ಸಂತ ಬೋನಿಫಾಸನು ಅದನ್ನು ಮೊದಲೇ ಕೇಳಿದ್ದನೆಂಬುದು ಅಷ್ಟಾಗಿ ಗೊತ್ತಿಲ್ಲ.

ಪ್ರಶ್ನೆ ತಾರ್ಕಿಕವಾಗಿ ಸರಿಯಾಗಿಯೇ ಇದೆ. ಎಲ್ಲರೂ ಒಂದೇ ಕುಟುಂಬವಾದರೆ ಅದರೊಳಗೆ ಒಬ್ಬನನ್ನು 'ನಿನ್ನ ತಂದೆ' ಎಂದು ಬೇರ್ಪಡಿಸಿ ತೋರಿಸುವುದೇಕೆ? ನಮಗೆ ತೋರುವ ಉತ್ತರ ತರ್ಕದ್ದಲ್ಲ, ಅನುಭವದ್ದು. ಎಲ್ಲರ ಮಗುವನ್ನು ರಾತ್ರಿ ಜ್ವರ ಬಂದಾಗ ಕಾಯುವವರು ಯಾರೂ ಇರುವುದಿಲ್ಲ. ಎಲ್ಲರಿಗೂ ಸೋದರನಾದವನು ಆಸ್ಪತ್ರೆಯಿಂದ ಹೊರಬರುವ ದಿನ ಯಾರ ಮನೆಗೆ ಹೋಗಬೇಕು? ಸಾರ್ವತ್ರಿಕವಾದ ಸೋದರತ್ವ ಸತ್ಯವೇ. ಅದಕ್ಕೆ ಮನೆಯ ಬಾಗಿಲೊಂದು ಬೇಕು. 866ರಲ್ಲಿ ಪೋಪ್ ಒಂದನೆಯ ನಿಕೋಲಾಸರು ಹೊಸದಾಗಿ ಕ್ರೈಸ್ತರಾದ ಬಲ್ಗೇರಿಯನ್ನರ ಪ್ರಶ್ನೆಗಳಿಗೆ ಉತ್ತರಿಸುವಾಗ, ಕೊಳದಿಂದ ತನ್ನನ್ನು ಎತ್ತಿಕೊಂಡವನನ್ನು ತಂದೆಯಂತೆ ಪ್ರೀತಿಸಬೇಕೆಂದು ಬೋಧಿಸಿ, ಈ ನಂಟನ್ನು ದತ್ತುಸ್ವೀಕಾರಕ್ಕೆ ಹೋಲಿಸಿದರು. ಹೋಲಿಕೆ ಯುಕ್ತವಾದದ್ದು. ದತ್ತು ಎಂಬುದು ಎಂದೂ ಒಂದು ನಿರ್ದಿಷ್ಟ ಮಗುವಿಗೂ ನಿರ್ದಿಷ್ಟ ಮನೆಗೂ ಸಂಬಂಧಿಸಿದ್ದು.

ಆದರೆ ಇಷ್ಟು ಬಲವಾದ ನಂಟನ್ನು ಜನ ಬಳಸಿಕೊಳ್ಳದೆ ಬಿಡಲಿಲ್ಲ. ಅರಸರು ಅದನ್ನು ರಾಜನೀತಿಯ ಉಪಕರಣವಾಗಿಸಿದರು. ಬಲ್ಗೇರಿಯದ ಬೋರಿಸನು ಬಿಜಾಂಟಿಯಮ್ ಸಾಮ್ರಾಟನನ್ನು ಜ್ಞಾನತಂದೆಯಾಗಿ ಪಡೆದು ಅವನ ಹೆಸರಾದ ಮಿಖಾಯೇಲ್ ಎಂಬುದನ್ನೇ ತಳೆದನು. 878ರಲ್ಲಿ ಇಂಗ್ಲೆಂಡಿನ ಆಲ್ಫ್ರೆಡ್ ದೊರೆ ತಾನು ಸೋಲಿಸಿದ ಡೇನ್ ನಾಯಕ ಗುಥ್ರಮನನ್ನು ಕೊಳದಿಂದ ಎತ್ತಿಕೊಂಡನು. ಶತ್ರುವಿಗೆ ಮಗನ ಸ್ಥಾನ ಕೊಡುವುದರಲ್ಲಿ ಶುಭಸಂದೇಶದ ನೆರಳು ಇಲ್ಲದಿಲ್ಲ, ಲೆಕ್ಕಾಚಾರವೂ ಇಲ್ಲದಿಲ್ಲ.

ಮನೆಗಳೊಳಗಿನ ಉಪಾಯಗಳು ಇನ್ನೂ ವಿಚಿತ್ರ. ಹೆತ್ತ ತಾಯಿ ತನ್ನ ಮಗುವಿಗೆ ತಾನೇ ಜ್ಞಾನತಾಯಿಯಾದರೆ ಗಂಡನಿಗೆ ಆತ್ಮಸಂಬಂಧಿಯಾಗುತ್ತಾಳೆ. ಹಾಗಾದರೆ ಅವರ ದಾಂಪತ್ಯದ ಗತಿಯೇನು? 8ನೆಯ ಶತಮಾನದ ಫ್ರಾಂಕ್ ಚರಿತ್ರೆಯೊಂದು ಹೇಳುವ ಕಥೆಯಲ್ಲಿ, ಒಂದನೆಯ ಖಿಲ್ಪೆರಿಕ್ ದೊರೆ ಯುದ್ಧಕ್ಕೆ ಹೋಗಿದ್ದಾಗ ರಾಣಿ ಔದೊವೆರಾ ಹೆಣ್ಣುಮಗುವನ್ನು ಹೆರುತ್ತಾಳೆ. ಜ್ಞಾನತಾಯಿಗಾಗಿ ಕಾಯುವುದೇಕೆ, ನೀವೇ ಎತ್ತಿಕೊಳ್ಳಿರೆಂದು ಫ್ರೆಡೆಗುಂಡ್ ಎಂಬಾಕೆ ಉಪದೇಶಿಸುತ್ತಾಳೆ. ರಾಣಿ ಒಪ್ಪುತ್ತಾಳೆ. ಮರಳಿ ಬಂದ ದೊರೆ ಇದೇ ನೆಪದಿಂದ ರಾಣಿಯನ್ನು ಮಠಕ್ಕೆ ಕಳುಹಿಸಿ ಫ್ರೆಡೆಗುಂಡಳನ್ನು ವರಿಸುತ್ತಾನೆ. ಆ ಕಾಲಕ್ಕೆ ಹತ್ತಿರದವನಾದ ತೂರ್‌ನ ಗ್ರೆಗೋರಿ ಇದನ್ನು ಹೇಳುವುದಿಲ್ಲ. ಕಥೆ ಕಟ್ಟಿದ್ದೇ ಇರಬಹುದು. ಆದರೆ 813ರ ಶಾಲೋನ್ ಸಮ್ಮೇಳನದ ನಿಯಮ ಕಟ್ಟುಕಥೆಯಲ್ಲ. ಕೆಲವು ಹೆಂಗಸರು ಗಂಡನಿಂದ ಬೇರ್ಪಡಲೆಂದೇ ದೃಢೀಕರಣ ಸಂಸ್ಕಾರದಲ್ಲಿ ಸ್ವಂತ ಮಕ್ಕಳನ್ನು ತಾವೇ ಹಿಡಿದು ನಿಲ್ಲುತ್ತಾರೆಂದು ಅದು ದೂರುತ್ತದೆ. ಅವರಿಗೆ ಪ್ರಾಯಶ್ಚಿತ್ತ ವಿಧಿಸಿ, ದಾಂಪತ್ಯವನ್ನು ಮಾತ್ರ ಬಿಡಿಸಕೂಡದೆನ್ನುತ್ತದೆ. ಬೇರೆ ದಾರಿ ಕಾಣದ ಹೆಂಗಸರು ಕೈಗೆ ಸಿಕ್ಕಿದ ನಿಯಮವನ್ನೇ ಬಾಗಿಲಾಗಿಸಿಕೊಂಡರೆಂದು ಓದಿದರೆ ಧರ್ಮಾಧ್ಯಕ್ಷರ ಕೋಪದ ಜೊತೆಗೆ ಬೇರೊಂದು ದುಃಖವೂ ಆ ನಿಯಮದಲ್ಲಿ ಕೇಳಿಸುತ್ತದೆ. ಅದೇ ವರ್ಷ ಮೈಂಜ್ ಸಮ್ಮೇಳನವು ಯಾರೂ ತಮ್ಮ ಸ್ವಂತ ಮಗುವನ್ನು ಕೊಳದಿಂದ ಎತ್ತಿಕೊಳ್ಳಕೂಡದೆಂದು ವಿಧಿಸಿತು. ಹೆತ್ತವರು ಜ್ಞಾನತಂದೆ ಜ್ಞಾನತಾಯಿಯರಾಗುವಂತಿಲ್ಲವೆಂಬ ಇಂದಿನ ನಿಯಮದ ಹಿಂದೆ ಇಷ್ಟು ಹಳೆಯ ಕಥೆಯಿದೆ.

ಮುಂದಿನ ಶತಮಾನಗಳಲ್ಲಿ ನಂಟಿನ ಭಾರ ಮಗುವಿನ ಕಡೆಯಿಂದ ಹೆತ್ತವರ ಕಡೆಗೆ ಸರಿಯಿತು. ಮಗುವಿನ ತಂದೆಗೂ ಜ್ಞಾನತಂದೆಗೂ ನಡುವಣ ಗೆಳೆತನವೇ ಮುಖ್ಯವಾಗಿ, ವ್ಯಾಪಾರದ ಪಾಲುದಾರರೂ ಊರಿನ ಪ್ರಭಾವಿಗಳೂ ಕೊಳದ ಬಳಿ ಸಾಲುಗಟ್ಟಿದರು. ಒಂದು ಮಗುವಿಗೆ ಹಲವಾರು ಮಂದಿ ಹೊಣೆಗಾರರಿರುವ ಪದ್ಧತಿ ಬೆಳೆಯಿತು. ಯಾರು ಯಾರಿಗೆ ಆತ್ಮಸಂಬಂಧಿ ಎಂಬುದೇ ತಿಳಿಯದೆ ಮದುವೆಗಳು ನಡೆದು, ಆಮೇಲೆ ಅಸಿಂಧುವೆಂದು ಬಯಲಾಗತೊಡಗಿದವು. 1563ರ ನವೆಂಬರ್ 11ರಂದು ತ್ರೆಂತ್ ಮಹಾಸಭೆ ಇದಕ್ಕೆ ಕಡಿವಾಣ ಹಾಕಿತು: ಒಬ್ಬರು, ಹೆಚ್ಚೆಂದರೆ ಒಬ್ಬ ಗಂಡಸು ಮತ್ತು ಒಬ್ಬ ಹೆಂಗಸು, ಧರ್ಮಕೇಂದ್ರದ ಗುರು ಸಂಸ್ಕಾರಕ್ಕೆ ಮೊದಲೇ ವಿಚಾರಿಸಿ ಹೆಸರನ್ನು ಪುಸ್ತಕದಲ್ಲಿ ಬರೆಯಬೇಕು. ನಮ್ಮ ದಾಖಲೆ ಪುಸ್ತಕದ ಆ ಎರಡು ಅಂಕಣಗಳ ಹಿಂದಿರುವುದು ಈ ಆದೇಶ. ಸುಧಾರಣೆ ಅಗತ್ಯವಾಗಿತ್ತು. ಆದರೆ ಮಹಾಸಭೆ ಸರಿಪಡಿಸಿದ್ದು ಸಂಖ್ಯೆಯನ್ನು. ಆ ಇಬ್ಬರು ಎಲ್ಲಿಂದ ಬರಬೇಕೆಂಬ ಪ್ರಶ್ನೆ ಕುಟುಂಬಗಳ ಕೈಯಲ್ಲೇ ಬಹುಮಟ್ಟಿಗೆ ಉಳಿಯಿತು.

1917ರ ಸಂಹಿತೆಯು ಈ ವಿವಾಹ ಪ್ರತಿಬಂಧಕವನ್ನು ಮತ್ತಷ್ಟು ಕಿರಿದುಗೊಳಿಸಿತು. 1983ರ ಸಂಹಿತೆ ಲ್ಯಾಟಿನ್ ಧರ್ಮಸಭೆಯ ಮಟ್ಟಿಗೆ ಅದನ್ನು ಸಂಪೂರ್ಣವಾಗಿ ಕೈಬಿಟ್ಟಿತು. 1990ರ ಪೌರ್ವಾತ್ಯ ಧರ್ಮಸಭೆಗಳ ಸಂಹಿತೆ ಮಾತ್ರ ತನ್ನ 811ನೆಯ ನಿಯಮದಲ್ಲಿ ಅದನ್ನು ಉಳಿಸಿಕೊಂಡಿದೆ: ಹೊಣೆಗಾರರಿಗೂ ಜ್ಞಾನಸ್ನಾನ ಪಡೆದವರಿಗೂ, ಹೊಣೆಗಾರರಿಗೂ ಪಡೆದವರ ತಂದೆತಾಯಿಯರಿಗೂ ನಡುವೆ ಮದುವೆ ಸಿಂಧುವಾಗದು. ಇದು ದೂರದ ಮಾತೆಂದು ಭಾವಿಸಬಾರದು. ಬೆಳ್ತಂಗಡಿ (1999), ಭದ್ರಾವತಿ (2007), ಮಂಡ್ಯ (2010) ಸೀರೋ ಮಲಬಾರ್ ಧರ್ಮಪ್ರಾಂತ್ಯಗಳು ಕರ್ನಾಟಕದೊಳಗೇ ಇವೆ. ಒಂದೇ ಊರಿನ ಎರಡು ದೇವಾಲಯಗಳಲ್ಲಿ, ಒಂದರಲ್ಲಿ ಜ್ಞಾನತಂದೆ ಇಂದಿಗೂ ಕಾನೂನಿನ ಕಣ್ಣಿಗೆ ಬಂಧು, ಇನ್ನೊಂದರಲ್ಲಿ ಅಲ್ಲ. ಎರಡು ವಿಧಿಗಳ ನಡುವೆ ಮದುವೆ ನಡೆಸಿಕೊಡುವ ಲ್ಯಾಟಿನ್ ಗುರುಗಳು ಪೂರ್ವವಿಚಾರಣೆಯಲ್ಲಿ ಇದನ್ನು ಕೇಳಲು ಮರೆಯಬಾರದು. ಅಡ್ಡಿಯಿದ್ದರೆ ವಿನಾಯಿತಿ ಪಡೆಯಬೇಕಾಗುತ್ತದೆ.

ಪ್ರತಿಬಂಧಕವನ್ನು ಲ್ಯಾಟಿನ್ ಧರ್ಮಸಭೆ ಮತ್ತೆ ತರಬೇಕೆಂದು ನಾವು ವಾದಿಸುತ್ತಿಲ್ಲ. ಅದು ತಂದ ತೊಡಕುಗಳನ್ನು ಮೇಲೆ ಕಂಡೆವು. ಆದರೆ ಸಾವಿರ ವರ್ಷಗಳಿಗೂ ಮೀರಿ ಈ ನಂಟು ನಿಜವೆಂಬುದಕ್ಕೆ ಹೊರಗಿನ ಗುರುತಾಗಿ ನಿಂತದ್ದು ಆ ಅಡ್ಡಿಯೇ. ಅದು ಹೋದ ಜಾಗದಲ್ಲಿ ಏನನ್ನು ಇಡಲಾಯಿತೆಂದು ಕೇಳಿದರೆ, ಉತ್ತರ ಶಿಶುಗಳ ವಿಧಿಗಿಂತ ವಯಸ್ಕರ ವಿಧಿಯಲ್ಲಿ ಹೆಚ್ಚು ಸ್ಪಷ್ಟವಾಗಿ ಸಿಗುತ್ತದೆ. ದ್ವಿತೀಯ ವ್ಯಾಟಿಕನ್ ಮಹಾಸಭೆಯ ಅಪ್ಪಣೆಯಂತೆ 1972ರಲ್ಲಿ ಹೊರಬಂದ ವಯಸ್ಕರ ಕ್ರೈಸ್ತ ದೀಕ್ಷಾವಿಧಿ ಇಬ್ಬರನ್ನು ಬೇರ್ಪಡಿಸಿ ಹೇಳುತ್ತದೆ: ಆರಂಭದಲ್ಲಿ ದೀಕ್ಷಾರ್ಥಿಯನ್ನು ಕರೆತಂದು ಸಾಕ್ಷಿ ನುಡಿಯುವವರು ಒಬ್ಬರು, ಜ್ಞಾನತಂದೆ ಅಥವಾ ಜ್ಞಾನತಾಯಿ ಮತ್ತೊಬ್ಬರು. ಈ ಎರಡನೆಯವರನ್ನು ದೀಕ್ಷಾರ್ಥಿ ಅವರ ಮಾದರಿ ಬದುಕನ್ನೂ ಗೆಳೆತನವನ್ನೂ ನೋಡಿ ಆರಿಸಿಕೊಳ್ಳುತ್ತಾನೆ. ಸ್ಥಳೀಯ ಕ್ರೈಸ್ತ ಸಮುದಾಯ ಅವರನ್ನು ತನ್ನ ಪರವಾಗಿ ನಿಯೋಜಿಸುತ್ತದೆ. ಗುರು ಅದಕ್ಕೆ ಸಮ್ಮತಿಸುತ್ತಾರೆ. ಸಮುದಾಯದ ನಿಯೋಗಿಯಾದ ಒಬ್ಬ ಗೆಳೆಯ: ಅಗಸ್ಟೀನನ ಬಳಗವೂ ಆ ಕನ್ಯೆಯ ಕೈಗಳೂ ಇಲ್ಲಿ ಒಟ್ಟಿಗೆ ಬಂದಿವೆ. ಬೋನಿಫಾಸನ ಪ್ರಶ್ನೆಗೂ ಇದಕ್ಕಿಂತ ಒಳ್ಳೆಯ ಉತ್ತರವನ್ನು ನಾವು ಬೇರೆಡೆ ಕಂಡಿಲ್ಲ.

ಆದರೆ ಗೆಳೆತನ ಪಾಸ್ಕ ಜಾಗರಣೆಯ ಮಧ್ಯಾಹ್ನ ಹುಟ್ಟುವುದಿಲ್ಲ. ದೀಕ್ಷಾರ್ಥಿ ಮೊದಲ ಬಾರಿ ಬಾಗಿಲು ತಟ್ಟಿದಾಗಲೇ, ತಡವಾದರೆ ತಪಸ್ಸುಕಾಲದ ಮೊದಲ ಭಾನುವಾರದೊಳಗೆ, ಇವರನ್ನು ಯಾರು ಎತ್ತಿಕೊಳ್ಳುವಿರಿ ಎಂಬ ಪ್ರಶ್ನೆಯನ್ನು ಬಲಿಪೂಜೆಗೆ ಸೇರಿದ ಜನರ ಮುಂದೆಯೇ ಇಡಬಹುದು. ಸ್ವತಃ ಪಡೆಯುವವರಾಗಲಿ ಅವರ ಮನೆಯವರಾಗಲಿ ಯಾರನ್ನೂ ಸೂಚಿಸಲಾಗದಿದ್ದಾಗ ಹೊಣೆಗಾರರನ್ನು ಗೊತ್ತುಮಾಡುವ ಅಧಿಕಾರವನ್ನು 874ನೆಯ ನಿಯಮ ಧರ್ಮಕೇಂದ್ರದ ಗುರುವಿಗೇ ಕೊಟ್ಟಿದೆ. ಹಾಗೆ ಗೊತ್ತುಮಾಡುವ ಮುನ್ನ ಹೋಗಿ ನೋಡಬೇಕಾದದ್ದು ಆ ಹೊಣೆಗಾರರ ಮನೆಯನ್ನು: ಜ್ಞಾನಸ್ನಾನದ ಮರುದಿನ ಹೊಸಬರು ಅಲ್ಲಿಗೆ ಊಟಕ್ಕೆ ಹೋಗಬಹುದೇ, ಮನೆಯ ಉಳಿದವರಿಗೆ ಅದು ಒಪ್ಪಿಗೆಯೇ ಎಂಬುದನ್ನು.